ಜಗಲಿ ಡ್ಯೂಟಿ

ನಮ್ಮ ಕರಾವಳಿಯಲ್ಲಿ ಮಕ್ಕಳನ್ನು ಕಾನ್ವೆಂಟಿಗೆ ಸೇರಿಸುವ ಅಪ್ಪ-ಅಮ್ಮಂದಿರನ್ನು ಕಾರಣ ಕೇಳಿ ನೋಡಿ. ಇಂಗ್ಲಿಷು ಎನ್ನುವವರು ಕೆಲವರು, ರಿಸಲ್ಟು ಎನ್ನುವವರು ಇನ್ನು ಕೆಲವರು. ಆದರೆ ಜಾತಿಮತ ಭೇದವಿಲ್ಲದೆ ಎಲ್ಲರ ಬಾಯಿಂದಲೂ ಬರುವ ಮಾತು ಒಂದುಂಟು: "ಅಲ್ಲಿ ಡಿಸಿಪ್ಲಿನ್ ಉಂಟು ಮಾರಾಯ್ರೆ." ಎಂಥ ಡಿಸಿಪ್ಲಿನ್ ಎಂದು ಸ್ವಲ್ಪ ಕೆದಕಿದರೆ ಪಟ್ಟಿ ಹೊರಬೀಳುತ್ತದೆ. ಎರಡು ಜಡೆ, ಎರಡಕ್ಕೂ ರಿಬ್ಬನ್ನು. ಸೋಮವಾರ ಉಗುರಿನ ತಪಾಸಣೆ. ಪೀಟಿ ಇರುವ ದಿನ ಬಿಳಿ ಕ್ಯಾನ್ವಾಸ್ ಶೂ. ಜೂನ್ ತಿಂಗಳಲ್ಲಿ ಮಂಗಳೂರಿನ ಮಳೆಗೆ ಬಿಳಿ ಶೂ ತೊಡಿಸುವ ನಿಯಮವನ್ನು ಯಾವ ಮಹಾನುಭಾವ ಬರೆದನೋ, ಅವನು ಛತ್ರಿಯನ್ನೇ ಕಾಣದ ದೇಶದವನಿರಬೇಕು. ಮಕ್ಕಳು ಅದಕ್ಕೂ ಉಪಾಯ ಕಂಡುಕೊಂಡಿದ್ದರು. ಕರಿಹಲಗೆಯ ಕೆಳಗೆ ಬಿದ್ದ ಸೀಮೆಸುಣ್ಣದ ಚೂರುಗಳನ್ನು ಆಯ್ದು, ಶೂವಿನ ಮೂತಿಗೆ ತಿಕ್ಕಿ, ಅಸೆಂಬ್ಲಿಯ ಹತ್ತು ನಿಮಿಷ ಬಿಳಿಯಾಗಿ ನಿಲ್ಲುತ್ತಿದ್ದರು. ಡಿಸಿಪ್ಲಿನ್ ಗೆದ್ದಿತು ಎಂದು ನಾವು, ಗೆದ್ದೆವು ಎಂದು ಅವರು. ಎರಡೂ ಕಡೆಯವರಿಗೆ ಸಂತೋಷ.

ಇಂಥದೊಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರಾಗಿದ್ದವಳು. ಕನ್ನಡ ಟೀಚರ್ ಎಂದರೆ ಕಾನ್ವೆಂಟಿನಲ್ಲಿ ಒಂದು ವಿಚಿತ್ರ ಹುದ್ದೆ. ಕಾರಿಡಾರಿನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಕಾಲದಲ್ಲೂ, ಅದೇ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಕನ್ನಡ ಮಾತಾಡಲು ನನಗೆ ಸಂಬಳ ಕೊಡುತ್ತಿದ್ದರು. ಹೀಗಾಗಿ ಮಕ್ಕಳು ತಮ್ಮ ಮನೆಯ ಸುದ್ದಿಯನ್ನು ಹೇಳಲು ನನ್ನ ಕ್ಲಾಸನ್ನೇ ಆರಿಸಿಕೊಳ್ಳುತ್ತಿದ್ದರು. ದುಃಖವನ್ನು ಗ್ರಾಮರ್ ತಪ್ಪದೆ ಹೇಳುವುದು ಯಾರಿಗಾದರೂ ಕಷ್ಟವೇ.

ದಾಖಲಾತಿಯ ದಿನ ಅಪ್ಪಂದಿರು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಎದುರು ಕುಳಿತು ಆಡುತ್ತಿದ್ದ ಮಾತು ನನಗೆ ಬಾಯಿಪಾಠವಾಗಿದೆ. "ಇವ ಭಾರೀ ಪೋಕರಿ ಸಿಸ್ಟರ್. ಕಣ್ಣೆರಡು ಬಿಟ್ಟು ಬಾಕಿ ಎಲ್ಲಿಗೆ ಬೇಕಾದರೂ ಕೊಡಿ, ನಮ್ಮದು ಏನೂ ಆಕ್ಷೇಪ ಇಲ್ಲ." ಎಂಥ ಉದಾರ ದಾನಪತ್ರ! ಪಕ್ಕದಲ್ಲಿ ನಿಂತ ಹುಡುಗ ತನ್ನ ದೇಹದ ಉಳಿದ ಭಾಗಗಳ ಹಸ್ತಾಂತರವನ್ನು ಸುಮ್ಮನೆ ನೋಡುತ್ತಿದ್ದ. ಈಗ ಕಾಲ ಬದಲಾಗಿದೆ. ಟೀಚರ್ ಜೋರಾಗಿ ಒಂದು ಮಾತು ಅಂದರೆ ಸಂಜೆಯೊಳಗೆ ಅಪ್ಪ ಮೊಬೈಲು ಹಿಡಿದುಕೊಂಡು ಗೇಟಿಗೆ ಬರುತ್ತಾರೆ. ಅಂದಿನ ಅಪ್ಪ, ಇಂದಿನ ಅಪ್ಪ, ಇಬ್ಬರೂ ಒಂದೇ ಪ್ರಶ್ನೆಯನ್ನು ಕೇಳಲು ಮರೆತವರು: ಹುಡುಗ ಪೋಕರಿ ಯಾಕಾದ?

ಹೊಡೆತದ ಅಪವಾದವನ್ನು ಕಾನ್ವೆಂಟಿನ ತಲೆಗೇ ಕಟ್ಟುವುದು ನ್ಯಾಯವಲ್ಲ. ನಮ್ಮ ಕೂಲಿಮಠಗಳ ಐಗಳು ಮಕ್ಕಳನ್ನು ಕೋದಂಡಕ್ಕೇರಿಸುತ್ತಿದ್ದದ್ದು ಯಾವ ಮಿಶನರಿಯನ್ನೂ ಕೇಳಿ ಅಲ್ಲ. ಛಡಿ ಚಂಚಂ ಎಂದರೆ ವಿದ್ಯೆ ಘಮಘಮ ಎಂಬ ಗಾದೆ ಹುಟ್ಟಿದ್ದು ನಮ್ಮ ಮಣ್ಣಿನಲ್ಲೇ. ಜೆಸ್ವಿತ ಪಾದ್ರಿಗಳಂತೂ ಈ ವಿಷಯದಲ್ಲಿ ಬಹಳ ನಾಜೂಕಿನವರು. ಅವರ ಶಾಲೆಗಳು ಹೇಗೆ ನಡೆಯಬೇಕೆಂದು ಹೇಳುವ ನಿಯಮಾವಳಿ ‘ರೇಶಿಯೊ ಸ್ಟುಡಿಯೋರಂ’ ಪ್ರಕಟವಾದದ್ದು 1599ರಲ್ಲಿ. ಪಾಠ ಹೇಳುವ ಪಾದ್ರಿ ತನ್ನ ಕೈಯಿಂದ ಹುಡುಗನನ್ನು ಹೊಡೆಯಕೂಡದು ಎಂಬುದು ಅವರ ಪದ್ಧತಿ. ಹಾಗಾದರೆ ಏಟು ತಪ್ಪಿತೇ ಎಂದು ಸಂತೋಷಪಡಬೇಡಿ. ಅದಕ್ಕೆಂದೇ ತಮ್ಮ ಸಭೆಗೆ ಸೇರದ ಹೊರಗಿನವನೊಬ್ಬನನ್ನು ‘ಕರೆಕ್ಟರ್’ ಎಂಬ ಹೆಸರಿನಲ್ಲಿ ನೇಮಿಸಿಕೊಳ್ಳುತ್ತಿದ್ದರು. ಗುರುವಿನ ಕೈ ಶುದ್ಧ, ಶಿಷ್ಯನ ಬೆನ್ನು ಮಾತ್ರ ಕೆಂಪು. ನಗಬೇಡಿ, ಇದರೊಳಗೊಂದು ಸೂಕ್ಷ್ಮವಿದೆ. ಪಾಠ ಹೇಳುವವನನ್ನು ಕಂಡರೆ ಮಗು ಬೆಚ್ಚಬಾರದು, ಬೆಚ್ಚಿದರೆ ಪಾಠ ಕೆಟ್ಟಿತು ಎಂಬ ತಿಳಿವಳಿಕೆ ಆ ಕಾಲಕ್ಕೇ ಅವರಿಗಿತ್ತು. ಅರ್ಧ ತಿಳಿವಳಿಕೆ, ಅಷ್ಟೆ. ಉಳಿದರ್ಧಕ್ಕೆ ಜಗತ್ತು ಇನ್ನೂ ಕೆಲವು ಶತಮಾನ ಕಾಯಬೇಕಾಯಿತು.

ಜೆಸ್ವಿತರ ಮಾತು ಬಂತಲ್ಲ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಕಾಲೇಜು ಶುರುವಾದದ್ದು 1880ರಲ್ಲಿ. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಅಟ್ಟಣಿಗೆ ಹತ್ತಿ ಚಾಪೆಲಿನ ಗೋಡೆ, ಮಾಡುಗಳಿಗೆಲ್ಲ ಚಿತ್ರ ಬರೆದರು. ಇಪ್ಪತ್ಮೂರರ ಹರೆಯದಲ್ಲಿ, 1591ರಲ್ಲಿ, ರೋಮಿನ ರೋಗಿಗಳ ಸೇವೆ ಮಾಡುತ್ತ ತಾನೇ ಸೋಂಕು ತಗುಲಿ ತೀರಿಕೊಂಡ ಅಲೋಶಿಯಸ್ ಗೊನ್ಜಾಗನ ಬದುಕು ಅಲ್ಲಿನ ಮಾಡಿನಲ್ಲಿ ಹರಡಿಕೊಂಡಿದೆ. ಪ್ರವಾಸಿಗರು ಅದನ್ನು ಕಲೆ ಎಂದು ನೋಡುತ್ತಾರೆ. ನನಗೆ ಮಾತ್ರ ಅದು ಮಕ್ಕಳ ಕ್ಷೇಮಕ್ಕಾಗಿ ಆದ ದೊಡ್ಡ ಏರ್ಪಾಡಿನಂತೆ ಕಾಣುತ್ತದೆ. ಪ್ರವಚನ ಎಷ್ಟು ಉದ್ದವಾದರೂ ಕತ್ತೆತ್ತಿದರೆ ಸಾಕು, ನೋಡಲು ಏನಾದರೊಂದು ಇರುತ್ತದೆ. ಕಿಟಕಿಯ ಹೊರಗೆ ನೋಡಿದ್ದಕ್ಕೆ ಬೈಗುಳ ತಿಂದ ಮಕ್ಕಳಿಗೆ, ಮೇಲೆ ನೋಡಿದ್ದಕ್ಕೆ ಭಕ್ತಿವಂತರೆಂಬ ಹೆಸರು ಸಿಗುವ ಜಾಗ ಅದು.

ಇನ್ನು ಮಾರಲ್ ಸೈನ್ಸ್. ಕಾನ್ವೆಂಟಿನಲ್ಲಿ ಓದಿದ ಯಾರನ್ನಾದರೂ ಕೇಳಿ, ಆ ಪೀರಿಯಡ್ಡಿನ ಚಿತ್ರ ಕಣ್ಣಿಗೆ ಕಟ್ಟಿದಂತೆ ಹೇಳುತ್ತಾರೆ. ಬೆಲ್ಲು ಹೊಡೆದ ಕೂಡಲೇ ತರಗತಿ ಎರಡಾಗುತ್ತದೆ. ಕ್ರೈಸ್ತ ಮಕ್ಕಳು ಕ್ಯಾಟೆಕಿಸಂಗೆ, ಉಳಿದವರು ಮಾರಲ್ ಸೈನ್ಸಿಗೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವಿಗೆ ಮತಬೋಧನೆ ಮಾಡುವಂತಿಲ್ಲ. ಅದಕ್ಕೇ ಈ ಪಾಲುಪಟ್ಟಿ. ಮಕ್ಕಳಿಗೆ ಸಂವಿಧಾನ ಎಲ್ಲಿ ಗೊತ್ತು? ಆಚೆ ಕೋಣೆಯಲ್ಲಿ ಏನೋ ಹೆಚ್ಚಿನ ಮಜಾ ಇದೆ ಎಂದು ಎರಡೂ ಕಡೆಯವರಿಗೆ ಗುಮಾನಿ. ಬೆಲ್ಲಾದ ಮೇಲೆ ಜಾನೆಟ್ ಬಂದು ಜಯಶ್ರೀಯನ್ನು ಕೇಳುತ್ತಾಳೆ, "ನಿಮಗೆ ಯಾವ ಕತೆ ಹೇಳಿದ್ರು?" ಜಯಶ್ರೀ ಬೇಸರದಿಂದ ಉತ್ತರಿಸುತ್ತಾಳೆ, "ಪುನಃ ಆ ಸತ್ಯ ಹೇಳುವ ಹುಡುಗನದ್ದೇ."

ಮಾರಲ್ ಸೈನ್ಸ್ ಪುಸ್ತಕದಷ್ಟು ಶುಭ್ರವಾದ ಪುಸ್ತಕ ಇನ್ನೊಂದಿಲ್ಲ. ವರ್ಷದ ಕೊನೆಗೂ ಅಂಗಡಿಯ ವಾಸನೆ ಉಳಿಸಿಕೊಂಡೇ ಇರುತ್ತದೆ, ತಂಗಿಗೋ ಪಕ್ಕದ ಮನೆಯವರಿಗೋ ಹಾಗೇ ದಾಟಿಸಬಹುದು. ಆದರೂ ಅದಕ್ಕೊಂದು ಪರೀಕ್ಷೆ ಇತ್ತು. ಪ್ರಾಮಾಣಿಕತೆಯ ಬಗ್ಗೆ ಟಿಪ್ಪಣಿ ಬರೆಯಿರಿ ಎಂಬ ಪ್ರಶ್ನೆಗೆ ಮೂವರು ಹುಡುಗರು ಅಕ್ಷರವೂ ವ್ಯತ್ಯಾಸವಿಲ್ಲದ ಉತ್ತರ ಬರೆದದ್ದು ನಮ್ಮ ಸ್ಟಾಫ್ ರೂಮಿನಲ್ಲಿ ಬಹಳ ಕಾಲ ನಗೆಗೆ ವಸ್ತುವಾಗಿತ್ತು. ಪಾಠ ಹೇಳಿ ನಡತೆ ಕಲಿಸಬಹುದೆಂದು ನಂಬಿದವರಿಗೆಲ್ಲ ಆ ಮೂರು ಉತ್ತರಪತ್ರಿಕೆಗಳನ್ನು ಫ್ರೇಮು ಹಾಕಿಸಿ ಕೊಡಬೇಕು.

ಹಾಗಾದರೆ ನಡತೆ ಎಲ್ಲಿಂದ ಬರುತ್ತದೆ? ಇದಕ್ಕೆ ಕಥೋಲಿಕರ ಮನೆಯಲ್ಲೇ ಒಬ್ಬ ಹಳಬರು ಉತ್ತರ ಕೊಟ್ಟಿದ್ದಾರೆ. ಮಂಗಳೂರಿನವರಿಗೆ ಡಾನ್ ಬಾಸ್ಕೊ ಎಂದ ಕೂಡಲೇ ನೆನಪಾಗುವುದು ನಾಟಕದ ಹಾಲ್. ಅಲ್ಲಿ ಕೊಂಕಣಿ ನಾಟಕ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವರಿಗೂ ಆ ಹೆಸರಿನ ಮನುಷ್ಯ ಯಾರೆಂದು ಗೊತ್ತಿರುವುದು ಕಡಿಮೆ. ಜಾನ್ ಬಾಸ್ಕೊ ಇಟಲಿಯ ಟ್ಯೂರಿನ್ ಕಡೆಯವರು, 1815ರಲ್ಲಿ ಹುಟ್ಟಿದವರು. ಅವರಿಗೆ ಕನಸು ಕಾಣುವ ಅಭ್ಯಾಸ ಚಿಕ್ಕಂದಿನಿಂದಲೇ ಇತ್ತು. ಒಂಬತ್ತನೇ ವಯಸ್ಸಿನ ಸುಮಾರಿಗೆ ಬಿದ್ದ ಕನಸಿನಲ್ಲಿ ಪುಂಡ ಹುಡುಗರ ಗುಂಪೊಂದು ಬೈದಾಡುತ್ತಿತ್ತಂತೆ. ಬಾಲಕ ಬಾಸ್ಕೊ ನುಗ್ಗಿ ಮುಷ್ಟಿಯಿಂದ ಗುದ್ದತೊಡಗಿದ. ಆಗ ತೇಜಸ್ವಿಯಾದ ಒಬ್ಬ ಪುರುಷ ತಡೆದು, ಗುದ್ದಿ ಅಲ್ಲ, ಮೃದುವಾಗಿದ್ದು ಇವರನ್ನು ಗೆಲ್ಲಬೇಕು ಎಂದನಂತೆ.

ಮುಂದೆ ಪಾದ್ರಿಯಾದ ಮೇಲೆ 1841ರ ಡಿಸೆಂಬರ್ 8ರಂದು ನಡೆದದ್ದು ಕನಸಲ್ಲ. ಬಾಸ್ಕೊ ಪೂಜೆಗೆ ಸಿದ್ಧರಾಗುತ್ತಿದ್ದರು. ಚಳಿಗೆ ಒಳಗೆ ಬಂದು ನಿಂತಿದ್ದ ಬಡ ಹುಡುಗನೊಬ್ಬನಿಗೆ ಚರ್ಚಿನ ಚಾಕರಿಯವನು ಪೂಜೆಗೆ ನೆರವಾಗು ಎಂದ. ನನಗೆ ಬರುವುದಿಲ್ಲ ಎಂದ ಹುಡುಗನಿಗೆ ಕೋಲಿನಿಂದ ಬಾರಿಸಿ ಓಡಿಸಿದ. ಬಾಸ್ಕೊ ಗದರಿದ್ದು ಹುಡುಗನನ್ನಲ್ಲ, ಚಾಕರಿಯವನನ್ನು. ಅವನು ನನ್ನ ಗೆಳೆಯ, ಕರೆದು ತಾ ಎಂದರು. ಹುಡುಗ ಹೆದರಿಕೊಂಡೇ ಬಂದ. ಅಪ್ಪ ಇಲ್ಲ, ಅಮ್ಮ ಇಲ್ಲ, ಓದು ಇಲ್ಲ, ಹಾಡು ಬರುವುದಿಲ್ಲ. ಕೇಳಿದ್ದಕ್ಕೆಲ್ಲ ಇಲ್ಲ ಎಂದೇ ಉತ್ತರ. ಕೊನೆಗೆ, ಶಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗನ ಮುಖ ಅರಳಿತಂತೆ. ಬಾಸ್ಕೊ ಅನುಯಾಯಿಗಳಾದ ಸಲೇಶಿಯನ್ನರ ದೊಡ್ಡ ಶಾಲಾ ಸಾಮ್ರಾಜ್ಯಕ್ಕೆ ಅಡಿಗಲ್ಲು ಬಿದ್ದದ್ದು ಆ ಗಳಿಗೆಯಲ್ಲಿ ಎಂದು ಅವರೇ ಹೇಳಿಕೊಳ್ಳುತ್ತಾರೆ. ಈಗ ನಮ್ಮ ಯಾವುದಾದರೂ ಶಾಲೆಯ ಕಾರಿಡಾರಿನಲ್ಲಿ ಒಬ್ಬ ಹುಡುಗ ಶಿಳ್ಳೆ ಹಾಕಿದರೆ ಅವನಿಗೆ ಬೀಳುವುದು ಯಾವ ಕಲ್ಲು ಎಂಬುದನ್ನು ನಿಮ್ಮ ಊಹೆಗೆ ಬಿಟ್ಟಿದ್ದೇನೆ.

ಬಾಸ್ಕೊ ತಮ್ಮ ಪದ್ಧತಿಯನ್ನು 1877ರಲ್ಲಿ ಒಂದು ಪುಟ್ಟ ಪ್ರಬಂಧವಾಗಿ ಬರೆದರು. ಶಾಲೆ ನಡೆಸುವ ದಾರಿ ಎರಡು. ನಿಯಮ ಹೇಳಿ, ದೂರ ನಿಂತು, ತಪ್ಪಿದವನನ್ನು ಹಿಡಿದು ಶಿಕ್ಷಿಸುವುದು ಒಂದು. ತಪ್ಪಲು ಮನಸ್ಸೇ ಬಾರದ ಹಾಗೆ ಮಕ್ಕಳ ನಡುವೆಯೇ ಇರುವುದು ಇನ್ನೊಂದು. ಎರಡನೆಯದಕ್ಕೆ ಅವರು ಹೇಳಿದ ಆಧಾರಗಳು ಮೂರು: ವಿವೇಕ, ಧರ್ಮ, ಅಕ್ಕರೆ. ಮೊದಲನೆಯದು ಸುಲಭ, ಶ್ರಮ ಕಡಿಮೆ ಎಂದು ಅವರೇ ಒಪ್ಪುತ್ತಾರೆ. ಆದರೆ ಅವರು 1884ರಲ್ಲಿ ರೋಮಿನಿಂದ ತಮ್ಮ ಸಂಸ್ಥೆಯವರಿಗೆ ಬರೆದ ಪತ್ರ ನನಗೆ ಪ್ರಬಂಧಕ್ಕಿಂತ ಹೆಚ್ಚು ಹಿಡಿಸಿದೆ. ಅದೂ ಕನಸಿನ ರೂಪದ್ದೇ. ಹಿಂದೆ ಆಟದ ಬಯಲಿನಲ್ಲಿ ಹುಡುಗರ ಜೊತೆ ಪಾದ್ರಿಗಳೂ ಓಡುತ್ತಿದ್ದರು, ನಗುತ್ತಿದ್ದರು. ಈಗ ನೋಡಿದರೆ ಹುಡುಗರು ಮೂಲೆಗಳಲ್ಲಿ ಜೋಲುಮೋರೆ ಹಾಕಿ ನಿಂತಿದ್ದಾರೆ, ದೊಡ್ಡವರು ತಮ್ಮತಮ್ಮೊಳಗೇ ಮಾತಾಡುತ್ತ ತಿರುಗುತ್ತಿದ್ದಾರೆ. ಮಕ್ಕಳ ಮೇಲೆ ನಿಮಗೆ ಪ್ರೀತಿ ಇದ್ದರೆ ಸಾಲದು, ಅದು ಇದೆಯೆಂದು ಅವರಿಗೆ ಗೊತ್ತಾಗಬೇಕು ಎಂಬುದು ಆ ಪತ್ರದ ತಾತ್ಪರ್ಯ. ಓದುವಾಗ ನಮ್ಮ ಸ್ಟಾಫ್ ರೂಮಿನ ಒಳಗೇ ಯಾರೋ ಇಣುಕಿದಂತಾಗುತ್ತದೆ. ಇಂಟರ್ವಲ್ಲಿನಲ್ಲಿ ನಾವು ಕೂಡ ನಮ್ಮನಮ್ಮೊಳಗೇ ಮಾತಾಡುವವರೇ: ಡಿಎ ಎಷ್ಟು ಏರಿತು, ಬಂಗುಡೆಗೆ ಎಷ್ಟು ರೇಟು.

ನಮ್ಮ ಶಾಲೆಯಲ್ಲಿ ಬಾಸ್ಕೊ ಹೇಳಿದ್ದನ್ನು ಮಾಡುತ್ತಿದ್ದವರು ವಯಸ್ಸಾದ ಒಬ್ಬ ಸಿಸ್ಟರ್. ಪಾಠ ಮಾಡುವ ವಯಸ್ಸು ದಾಟಿತ್ತು. ಬೆಳಿಗ್ಗೆ ಗೇಟಿನ ಹತ್ತಿರ, ಇಂಟರ್ವಲ್ಲಿನಲ್ಲಿ ಜಗಲಿಯ ಕಂಬದ ಹತ್ತಿರ, ಸಂಜೆ ಬಸ್ ಸ್ಟಾಪಿನ ಹತ್ತಿರ ನಿಲ್ಲುವುದಷ್ಟೇ ಅವರ ಕೆಲಸ. ನಾವದನ್ನು ಜಗಲಿ ಡ್ಯೂಟಿ ಎಂದು ತಮಾಷೆ ಮಾಡುತ್ತಿದ್ದೆವು. ಅವರ ಬಾಯಲ್ಲಿ ಉಪದೇಶ ಕೇಳಿದವರಿಲ್ಲ. "ನಿನ್ನ ಅಜ್ಜಿಗೆ ಹುಷಾರಾಯ್ತಾ?" "ನಿನ್ನೆ ಟಿಫಿನ್ ಹಾಗೇ ವಾಪಸು ತಕೊಂಡು ಹೋದ್ಯಲ್ಲ, ಯಾಕೆ?" "ಕಾಲಿನ ಗಾಯಕ್ಕೆ ಮದ್ದು ಹಾಕಿದ್ಯಾ?" ಇಷ್ಟೇ. ಅವರು ನಿಂತ ಕಂಬದ ಸುತ್ತ ಜಗಳ ಆಗುತ್ತಿರಲಿಲ್ಲ. ಹೆದರಿ ಅಲ್ಲ. ಅಜ್ಜಿಯ ಕಾಯಿಲೆ ಗೊತ್ತಿರುವವರ ಎದುರು ಪೋಕರಿಯಾಗುವುದು ಸ್ವಲ್ಪ ಕಷ್ಟ.

ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ದಿನಾ ತಡವಾಗಿ ಬರುತ್ತಿದ್ದ. ಡೈರಿಯ ರಿಮಾರ್ಕ್ಸ್ ಪುಟ ಕೆಂಪಾಗಿ ಅಕ್ಕಪಕ್ಕದ ಪುಟಕ್ಕೂ ಹರಡಿತ್ತು. ಅಪ್ಪನ ಸಹಿ ಬೇಕೆಂದರೆ ಅಮ್ಮನ ಸಹಿ ತರುತ್ತಿದ್ದ. ಕಾರಣ ಕೇಳಿದರೆ ನೆಲ ನೋಡುತ್ತಿದ್ದ. ಟೀಚರುಗಳ ಮೀಟಿಂಗಿನಲ್ಲಿ ಅವನ ಉದ್ಧಟತನದ ಬಗ್ಗೆ ಗಂಭೀರ ಚರ್ಚೆ ನಡೆಯುವಾಗ ಚಹಾ ತಂದ ಅಟೆಂಡರ್ ಟ್ರೇ ಇಡುತ್ತ ಹೇಳಿದ, "ಅವ ಹಾಲು ಕರೆದು ಸೊಸೈಟಿಗೆ ಹಾಕಿ ಬರಬೇಕಲ್ಲ ಮೇಡಂ, ಅಪ್ಪ ಮಲಗಿದಲ್ಲೇ ಅಲ್ವಾ." ಬಿಎಡ್ಡು, ಎಂಎಡ್ಡು ಮಾಡಿದವರೆಲ್ಲ ಚಹಾಕ್ಕೆ ಸಕ್ಕರೆ ಕಲಸಿದರು. ಮಕ್ಕಳ ಬಗ್ಗೆ ಶಾಲೆಗೆ ತಿಳಿದಿರುವುದೆಲ್ಲ ಅಟೆಂಡರ್, ಆಯಾ, ಬಸ್ಸಿನ ಕಂಡಕ್ಟರ್, ಪೀಟಿ ಮಾಸ್ಟ್ರು ಇವರ ಹತ್ತಿರ ಇರುತ್ತದೆ. ಕಡತದಲ್ಲಿ ಇರುವುದು ಹುಟ್ಟಿದ ತಾರೀಕು ಮಾತ್ರ.

ಒಳ್ಳೆಯ ನಡತೆಯನ್ನು ಪ್ರೋತ್ಸಾಹಿಸುವ ಹೊಸ ಪದ್ಧತಿಗಳೂ ಬಂದಿವೆ, ಇಲ್ಲವೆನ್ನಲಾರೆ. ಮೊದಲೆಲ್ಲ ಟೀಚರ್ ಹೊರಗೆ ಹೋದರೆ ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುವುದು ಪದ್ಧತಿ. ಎರಡನೇ ಸಲ ಮಾತಾಡಿದರೆ ಹೆಸರಿನ ಮುಂದೆ ಗುಣಾಕಾರದ ಚಿಹ್ನೆ. ಹೊಸದಾಗಿ ಬಂದ ಟೀಚರೊಬ್ಬರು ಇದನ್ನು ತಿರುಗಿಸಿದರು: ಯಾರಿಗಾದರೂ ಸಹಾಯ ಮಾಡಿದವರ ಹೆಸರು ಮಾತ್ರ ಬರೆಯಬೇಕು. ಒಂದೆರಡು ವಾರ ತರಗತಿ ಸ್ವರ್ಗ. ಆಮೇಲೆ ನೋಡಿದರೆ, ಬೇಡವೆಂದರೂ ಬಿಡದೆ ಒಬ್ಬರ ಬ್ಯಾಗನ್ನು ಇಬ್ಬರು ಎಳೆದಾಡುತ್ತಿದ್ದಾರೆ, ಸಹಾಯ ಮಾಡಲು! ಲೀಡರಿನ ಕಿಸೆಯಲ್ಲಿ ಚಾಕೊಲೇಟುಗಳು. ಆದರೂ ಆ ಟೀಚರ್ ಬೋರ್ಡು ಅಳಿಸಲಿಲ್ಲ, ಮಕ್ಕಳ ಜೊತೆ ಕುಳಿತು ಈ ಲಂಚಾವತಾರದ ಬಗ್ಗೆಯೇ ಮಾತಾಡಿದರು. ನಿಜವಾದ ಮಾರಲ್ ಸೈನ್ಸ್ ಪಾಠ ನಡೆದದ್ದು ಅಂದೇ ಎಂದು ನನ್ನ ಅಭಿಪ್ರಾಯ. ಈ ಪದ್ಧತಿಗಳಲ್ಲಿ ನನಗೆ ಅಂಜಿಕೆ ಇರುವುದು ಒಂದೇ. ನಕ್ಷತ್ರ, ಬ್ಯಾಜು, ಹೌಸ್ ಪಾಯಿಂಟುಗಳೆಲ್ಲ ಕೊನೆಗೆ ಹೋಗಿ ಸೇರುವುದು ಗಲಾಟೆ ಮಾಡದ ಮಗುವಿಗೆ. ಗಲಾಟೆ ಮಾಡದ ಮಗು ಸುಖವಾಗಿದೆ ಎಂದು ನಂಬುವುದು ದೊಡ್ಡವರ ಸೋಮಾರಿತನ. ಕೊನೆಯ ಬೆಂಚಿನ ಪೋಕರಿಯ ಸಂಕಟ ಇಡೀ ಶಾಲೆಗೆ ಕೇಳುತ್ತದೆ, ಮೂರನೇ ಬೆಂಚಿನ ಮೌನಿಯದ್ದು ಯಾರಿಗೂ ಕೇಳುವುದಿಲ್ಲ.

ಕಾನೂನಿನ ಕತೆಯೂ ಸ್ವಾರಸ್ಯದ್ದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿತು. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದಿತು. ಜಗಳವೇನೋ ಸೀಟುಗಳ ಮೀಸಲಿನದ್ದು, ಆದರೆ ಕಾಯ್ದೆಯ ಜೊತೆ 17ನೇ ಕಲಮೂ ಗೇಟಿನ ಹೊರಗೆ ಉಳಿಯಿತು. ಹಾಗೆಂದು ಕಾನ್ವೆಂಟಿನವರು ಬೆತ್ತಕ್ಕೆ ಎಣ್ಣೆ ಹಚ್ಚಿ ಕುಳಿತಿರಲಿಲ್ಲ, ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ ಬೇರೆ ಕಾಯ್ದೆಗಳು ಎಲ್ಲರಿಗೂ ಒಂದೇ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಕೌನ್ಸೆಲರ್ ಒಬ್ಬರಾದರೂ ಇರಬೇಕು. ಇದಕ್ಕೆ ಮೊದಲೇ, 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಈ ನಂಬರನ್ನು ಶಾಲೆಯವರು ನೋಟಿಸ್ ಬೋರ್ಡಿನ ಬೀಗ ಹಾಕಿದ ಗಾಜಿನೊಳಗೆ ಹಾಕುವ ಬದಲು ಡೈರಿಯ ಮೊದಲ ಪುಟದಲ್ಲಿ, ಶಾಲಾ ಗೀತೆಗಿಂತ ಮೇಲೆ, ಅಚ್ಚು ಹಾಕಿಸಬೇಕು.

ಕೌನ್ಸೆಲರ್ ಬಂದ ಮಾತ್ರಕ್ಕೆ ಕೆಲಸ ಆಯಿತು ಎನ್ನುವ ಹಾಗಿಲ್ಲ. ಅವರ ಕೋಣೆ ಸಾಮಾನ್ಯವಾಗಿ ಆಫೀಸಿನ ಪಕ್ಕದಲ್ಲಿರುತ್ತದೆ. ಬಾಗಿಲು ತಟ್ಟಿದವರು ಯಾರೆಂದು ಫೀಸು ಕಟ್ಟಲು ಬಂದವರಿಗೆಲ್ಲ ಕಾಣುತ್ತದೆ. ಟೀಚರುಗಳು ಸಿಟ್ಟು ಬಂದಾಗ "ಹೋಗು ಕೌನ್ಸೆಲರ್ ಹತ್ರ" ಎಂದು ಗದರಿದರೆಂದರೆ ಮುಗಿಯಿತು, ಆ ಕೋಣೆಗೆ ಕೋದಂಡದ ಅಧಿಕಾರ ಬಂದ ಹಾಗೆ. ಗಣಿತದ ಟೀಚರ್ ರಜೆ ಹಾಕಿದರೆ ಅವರ ಪೀರಿಯಡ್ಡಿಗೂ ಕೌನ್ಸೆಲರ್, ಪರೀಕ್ಷೆಯ ದಿನ ಕಾವಲಿಗೂ ಕೌನ್ಸೆಲರ್. ಬೆಳಿಗ್ಗೆ ಕಾಪಿ ಹೊಡೆದಾಗ ಹಿಡಿದವರ ಹತ್ತಿರ ಮಧ್ಯಾಹ್ನ ಮನಸ್ಸು ಬಿಚ್ಚುವಷ್ಟು ಸಾಧುಗಳು ನಮ್ಮ ಮಕ್ಕಳಲ್ಲ.

ಗುಟ್ಟು ಕಾಯುವ ವಿಷಯದಲ್ಲಂತೂ ಕಥೋಲಿಕ ಶಾಲೆಗೆ ಹೊರಗಿನಿಂದ ಯಾರೂ ಪಾಠ ಹೇಳಬೇಕಾಗಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಆ ಶಿಸ್ತಿನ ಕಾಲುಭಾಗ ಸ್ಟಾಫ್ ರೂಮಿಗೆ ಬಂದಿದ್ದರೆ ಎಷ್ಟೋ ಮಕ್ಕಳು ನೆಮ್ಮದಿಯಾಗಿರುತ್ತಿದ್ದರು. ಅಲ್ಲಿ ಒಂದು ಹುಡುಗಿಯ ಮನೆಯ ಕತೆ ಮೊದಲ ಬೆಲ್ಲಿಗೆ ಬಂದರೆ ಊಟದ ಬೆಲ್ಲಿನ ಹೊತ್ತಿಗೆ ಲೈಬ್ರರಿ ದಾಟಿರುತ್ತದೆ. ಆದರೆ ಎಲ್ಲ ಗುಟ್ಟೂ ಕಾಯುವಂಥದ್ದಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಂತೆ ಅಪರಾಧ. ಈ ಪಾಠಕ್ಕೆ ಚರ್ಚು ತೆತ್ತ ಬೆಲೆ ಕಡಿಮೆಯದಲ್ಲ. ಧಾರ್ಮಿಕ ಸಭೆಗಳು ನಡೆಸುತ್ತಿದ್ದ ವಸತಿಶಾಲೆಗಳಲ್ಲಿ ಮಕ್ಕಳು ದಶಕಗಟ್ಟಲೆ ಅನುಭವಿಸಿದ್ದನ್ನು ಐರ್ಲೆಂಡಿನ ತನಿಖಾ ಆಯೋಗ 2009ರಲ್ಲಿ ಸಂಪುಟಗಟ್ಟಲೆ ಬರೆದಿಟ್ಟಿದೆ. ಅದೇ ಚರ್ಚಿನಲ್ಲಿ ಬಾಸ್ಕೊ ಪತ್ರ ಬರೆದು ಎಷ್ಟು ವರ್ಷವಾಗಿತ್ತು! ಪ್ರೀತಿಯ ಸಿದ್ಧಾಂತ ಕಪಾಟಿನಲ್ಲಿದ್ದರೆ ಯಾವ ಮಗುವಿಗೂ ಕಾವಲಾಗದು. ಕಣ್ಣಿಟ್ಟು ನೋಡುವ ದೊಡ್ಡವರು ಬೇಕು, ಆ ದೊಡ್ಡವರ ಮೇಲೂ ಒಂದು ಕಣ್ಣು ಬೇಕು.

ಬೇಸರದ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ದಕ್ಷಿಣ ಕನ್ನಡ, ಉಡುಪಿ ಎರಡಕ್ಕೂ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲಾಗುವ ಚಪಲ. 625ಕ್ಕೆ 620 ಬಂದ ಮನೆಯಲ್ಲಿ ಉಳಿದ ಐದು ಎಲ್ಲಿ ಹೋಯಿತೆಂದು ಸೂತಕ. ಊರಿನ ಸರ್ಕಲ್ಲುಗಳಲ್ಲಿ ‘ಶೇ. 100 ಫಲಿತಾಂಶ’ ಎಂಬ ಬ್ಯಾನರುಗಳು. ಆ ನೂರು ಬರುವುದು ಹೇಗೆಂದು ಒಳಗಿನವರಿಗೆ ಗೊತ್ತು. ಒಂಬತ್ತನೆಯ ಕೊನೆಗೆ ಹಿಂದುಳಿದ ಹುಡುಗನ ಅಪ್ಪನನ್ನು ಕರೆಸಿ, ಬಹಳ ಮೃದುವಾಗಿ, ಬೇರೆ ಶಾಲೆ ನೋಡಿ, ಟಿಸಿ ಕೊಡುತ್ತೇವೆ ಎನ್ನುತ್ತಾರೆ. ಇದು ಎಲ್ಲ ಮತದವರ ಶಾಲೆಗಳಲ್ಲೂ ನಡೆಯುವ ವ್ಯವಹಾರವೇ. ಆದರೆ ಗೋಡೆಯ ಮೇಲೆ ಕುರಿಮರಿಯನ್ನು ಹೆಗಲಿಗೇರಿಸಿಕೊಂಡ ಒಳ್ಳೆಯ ಕುರುಬನ ಚಿತ್ರ ಇರುವ ಶಾಲೆಯಲ್ಲಿ ನಡೆದರೆ ಸ್ವಲ್ಪ ಹೆಚ್ಚು ಚುಚ್ಚುತ್ತದೆ. ಲೂಕನ ಸುವಾರ್ತೆಯ ಆ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕುತ್ತ ಹೋದ. ನಮ್ಮ ಲೆಕ್ಕ ಬೇರೆ. ಆ ಒಂದನ್ನು ಹೊರಗೆ ಹಾಕಿದರೆ ಉಳಿದ ತೊಂಬತ್ತೊಂಬತ್ತೇ ಶೇ. 100 ಆಗುತ್ತದೆ! ಆ ಹುಡುಗ ಹೋದ ಮೇಲೆ ಉಳಿದವರಿಗೆ ಯೋಗಕ್ಷೇಮದ ವಾರಾಚರಣೆ ಮಾಡಿ, ಬಲೂನು ಕಟ್ಟಿ, ರಂಗೋಲಿ ಸ್ಪರ್ಧೆ ಇಟ್ಟರೆ ಮಕ್ಕಳಿಗೆ ಅರ್ಥವಾಗುವುದಿಲ್ಲವೆಂದು ತಿಳಿಯಬೇಡಿ. ಖಾಲಿಯಾದ ಬೆಂಚು ಅವರ ಕಣ್ಣೆದುರಿಗೇ ಇರುತ್ತದೆ. ಇವತ್ತು ಅವನು, ನಾಳೆ ನಾನು ಎಂಬ ಲೆಕ್ಕ ಹಾಕಲು 620 ಅಂಕ ಬೇಕಾಗಿಲ್ಲ.

ಇಷ್ಟೆಲ್ಲ ಹರಟಿದ ಮೇಲೆ ಪರಿಹಾರವೊಂದನ್ನು ಹೇಳದಿದ್ದರೆ ನಿವೃತ್ತ ಟೀಚರ್ ಎಂಬ ಪದವಿಗೆ ಕುಂದು. ನನ್ನ ಸೂಚನೆ ಚಿಕ್ಕದು. ಟೈಮ್‌ಟೇಬಲ್ಲಿನಲ್ಲಿ ಪ್ರತಿ ಟೀಚರಿಗೂ ವಾರಕ್ಕೆ ಕೆಲವು ಹೊತ್ತು ಜಗಲಿ ಡ್ಯೂಟಿ ಹಾಕಿ. ಕೈಯಲ್ಲಿ ಪುಸ್ತಕ ಬೇಡ, ಕೋಲು ಬೇಡ, ಮೊಬೈಲಂತೂ ಬೇಡವೇ ಬೇಡ. ನಿಲ್ಲಬೇಕು, ನೋಡಬೇಕು, ಹೆಸರು ಹಿಡಿದು ಕರೆಯಬೇಕು. ಕೌನ್ಸೆಲರ್ ಬೇಡವೆಂದಲ್ಲ, ಯಾವ ಮಗುವನ್ನು ಅವರ ಹತ್ತಿರ ಕರೆದುಕೊಂಡು ಹೋಗಬೇಕೆಂದು ತಿಳಿಯುವುದೇ ಜಗಲಿಯಲ್ಲಿ. ಇದನ್ನು ಒಮ್ಮೆ ಆಡಳಿತ ಮಂಡಳಿಯ ಸದಸ್ಯರೊಬ್ಬರಿಗೆ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಇನ್‌ಸ್ಪೆಕ್ಷನ್ ಬಂದಾಗ ಲೆಸನ್ ಪ್ಲಾನಿನಲ್ಲಿ ಏನು ತೋರಿಸುವುದು? ಕಲಿಕಾ ಫಲ ಎಂಬ ಕಾಲಮ್ಮಿಗೆ ಎಂಥ ಬರೆಯುವುದು?" ಎಂದು ಕೇಳಿದರು. "ಅಜ್ಜಿಗೆ ಹುಷಾರಾಗಿದೆ ಅಂತ ಬರೆಯಿರಿ" ಎಂದೆ. ಅವರು ನಗಲಿಲ್ಲ, ಖರ್ಚೆಷ್ಟು ಎಂದು ಕೇಳಿದರು. ಕಟ್ಟಡ ನಿಧಿ ಬೇಡ, ಡೊನೇಶನ್ ಎತ್ತಬೇಕಾಗಿಲ್ಲ, ಸ್ಮಾರ್ಟ್ ಬೋರ್ಡೂ ಬೇಡ. ನಿಂತುನಿಂತು ಟೀಚರುಗಳಿಗೆ ಬರುವ ಕಾಲುನೋವಿಗೆ ಒಂದೊಂದು ಡಬ್ಬಿ ಮುಲಾಮು ತೆಗೆಸಿಕೊಟ್ಟರೆ ಸಾಕು ಎಂದಿದ್ದೇನೆ. ಮುಂದಿನ ಮೀಟಿಂಗಿನಲ್ಲಿ ಇಡುತ್ತಾರಂತೆ.